ಆಯ, ವ್ಯಯ ಮತ್ತು ವಠಾರ: ಬೆಂಗಳೂರಿನಲ್ಲಿ ಬಾಡಿಗೆಗಾಗಿ ಮನೆ ಕಟ್ಟಿಸಿದವರ ಚರಿತ್ರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಯಲ್ಲಿರುವ ಹಣವನ್ನೆಲ್ಲ ಕರಗಿಸಿ, ಸಾಲದ ಬಾಗಿಲಿಗೆ ಕೊಂಡೊಯ್ಯುವ ಎರಡು ಕಾರ್ಯಗಳೆಂದು ಜನಪದರು ಇವೆರಡನ್ನು ಜೊತೆಗಿಟ್ಟಿದ್ದಾರೆ. ಈ ಗಾದೆ ಹುಟ್ಟಿದ ಸಮಾಜದಲ್ಲಿ ಮನೆಯೆಂಬುದು ವೆಚ್ಚದ ಬಾಬ್ತು. ಕಟ್ಟಿದವನೇ ಅದರಲ್ಲಿ ಬಾಳಿ, ಅವನ ಮಕ್ಕಳು ಅದನ್ನು ಹಂಚಿಕೊಳ್ಳುವುದು ಅಲ್ಲಿಯ ಲೋಕರೂಢಿ. ಮನೆಯನ್ನು ಕಟ್ಟಿಸಿ, ಅದರಲ್ಲಿ ತಾನು ವಾಸಿಸದೆ, ಇತರರನ್ನು ಇರಿಸಿ ತಿಂಗಳು ತಿಂಗಳು ಹಣ ಎಣಿಸುವವನ ಕಲ್ಪನೆ ಗಾದೆಯೊಳಗೆ ಇಲ್ಲ. ಕನ್ನಡ ಜಾನಪದ ಅಧ್ಯಯನವೂ ಬಹುಮಟ್ಟಿಗೆ ಈ ಗಾದೆಯ ದಾರಿಯಲ್ಲಿಯೇ ನಡೆದಿದೆ ಎನ್ನಬೇಕು. ತೊಟ್ಟಿಮನೆ, ಗುತ್ತಿನ ಮನೆ, ವಾಡೆ, ಗುಡಿಸಲು ಇವುಗಳ ರಚನೆ ಮತ್ತು ಆಚರಣೆಗಳ ಬಗೆಗೆ ಸಾಕಷ್ಟು ಬರವಣಿಗೆಯಾಗಿದೆ. ಬಾಡಿಗೆಗೆಂದೇ ಕಟ್ಟಿದ ಮನೆ ಮಾತ್ರ ‘ಪರಂಪರೆಯ’ ವ್ಯಾಪ್ತಿಗೆ ಸೇರದ ನಗರದ ಸರಕೆಂದು ಪಕ್ಕಕ್ಕೆ ಸರಿದಿದೆ. ಒಂದು ಶತಮಾನಕ್ಕೂ ಮಿಕ್ಕಿ ಲಕ್ಷಾಂತರ ಕನ್ನಡಿಗರು ಹುಟ್ಟಿ ಬೆಳೆದದ್ದು ಅಂತಹ ಮನೆಗಳಲ್ಲಿಯೇ ಎಂಬುದನ್ನು ನೆನೆದರೆ ಈ ಉಪೇಕ್ಷೆ ಸಮರ್ಥನೀಯವಲ್ಲ.

ಕಟ್ಟಡದಿಂದ ವರಮಾನ ನಿರೀಕ್ಷಿಸುವ ಕಲ್ಪನೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮಧ್ಯಕಾಲೀನ ಶಾಸನಗಳಲ್ಲಿ ಮನೆವಣ, ಮನೆದೆರೆ ಮುಂತಾದ ತೆರಿಗೆಗಳ ಉಲ್ಲೇಖಗಳಿವೆ; ದೇವಾಲಯಗಳಿಗೆ ಮನೆಯ ನಿವೇಶನಗಳನ್ನು ದತ್ತಿಬಿಟ್ಟ ಸಂಗತಿಗಳೂ ಇವೆ. ಇಂದು ಬಡಾವಣೆಗಳ ಜಾಹೀರಾತಿನಲ್ಲಿ ಕಾಣುವ ‘ನಿವೇಶನ’ ಎಂಬ ಪದ ಹೀಗೆ ಶಾಸನಗಳ ಕಾಲದಿಂದ ಬಳಕೆಯಲ್ಲಿರುವುದು. ಆದರೆ ಅಲ್ಲಿ ಫಲವನ್ನು ಅನುಭವಿಸುವವರು ಅರಸ, ದೇವರು ಅಥವಾ ಮಹಾಜನರು. ಸಾಮಾನ್ಯ ಗೃಹಸ್ಥನೊಬ್ಬ ತನ್ನ ಉಳಿತಾಯವನ್ನು ಗೋಡೆ-ಮಾಡುಗಳಿಗೆ ಹಾಕಿ ಅದರಿಂದ ಜೀವನ ಸಾಗಿಸುವ ಕ್ರಮ ವ್ಯಾಪಕವಾದದ್ದು ಸಂಬಳಕ್ಕೆ ದುಡಿಯುವ ಜನ ದೊಡ್ಡ ಸಂಖ್ಯೆಯಲ್ಲಿ ಊರಿಂದೂರಿಗೆ ಚಲಿಸತೊಡಗಿದ ಮೇಲೆ. ಹುಬ್ಬಳ್ಳಿಯ ಕಡೆ ‘ಚಾಳ’ ಎಂಬ ಹೆಸರಿನಲ್ಲಿಯೂ, ಹಳೆಯ ಮೈಸೂರು ಸೀಮೆಯಲ್ಲಿ ‘ವಠಾರ’ ಎಂಬ ಹೆಸರಿನಲ್ಲಿಯೂ ಬೆಳೆದ ಸಾಲುಮನೆಗಳು ಈ ಕ್ರಮದ ಫಲಗಳು. ಕರಾವಳಿಯಲ್ಲಿ ಮೂಲಗೇಣಿ ಪದ್ಧತಿಯಿಂದಾಗಿ ನೆಲದ ಒಡೆಯನೊಬ್ಬ, ಅದರ ಮೇಲೆ ಮನೆ ಕಟ್ಟಿದವನು ಇನ್ನೊಬ್ಬ ಎಂಬ ಸ್ಥಿತಿ ತಲೆಮಾರುಗಳ ಕಾಲ ಮುಂದುವರಿದು, 2011ರ ಶಾಸನದವರೆಗೂ ವಿವಾದದ ವಸ್ತುವಾಗಿ ಉಳಿದ ಚರಿತ್ರೆ ಪ್ರತ್ಯೇಕ ಅಧ್ಯಯನವನ್ನೇ ಬೇಡುತ್ತದೆ. ಪ್ರಸ್ತುತ ಪ್ರಬಂಧದ ವ್ಯಾಪ್ತಿ ಬೆಂಗಳೂರಿಗೆ ಸೀಮಿತ.

ಪ್ಲೇಗಿನ ನಂತರದ ಬಡಾವಣೆಗಳು

ಬೆಂಗಳೂರಿನ ಪೇಟೆಯ ಒಳಗೆ ಮನೆಯೂ ಕಸುಬೂ ಒಂದೇ ಸೂರಿನ ಕೆಳಗಿದ್ದವು. ಮುಂಭಾಗದಲ್ಲಿ ಅಂಗಡಿ ಅಥವಾ ಮಗ್ಗ, ಹಿಂಭಾಗದಲ್ಲಿ ವಾಸ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಾಗ ಪೇಟೆಯಿಂದ ಹೊರಗೆ ಅಳತೆಗೆ ತಕ್ಕಂತೆ ಕತ್ತರಿಸಿದ ನಿವೇಶನಗಳು ದೊರೆತವು. ಆದರೂ ಜನ ಸುಲಭವಾಗಿ ಪೇಟೆಯನ್ನು ಬಿಡಲಿಲ್ಲ. ಬಿಡಿಸಿದ್ದು 1898ರ ಆಗಸ್ಟ್ ತಿಂಗಳಲ್ಲಿ ಕಾಣಿಸಿಕೊಂಡ ಪ್ಲೇಗು. ರೋಗ ತಗುಲಿದ ಮನೆಗಳ ಮಾಡು ಬಿಚ್ಚಿ ಬಿಸಿಲು ಬೀಳುವಂತೆ ಮಾಡುವುದು, ತೀರ ಇಕ್ಕಟ್ಟಾದವನ್ನು ಕೆಡವುವುದು, ನಿವಾಸಿಗಳನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸುವುದು ಆ ಕಾಲದ ಕ್ರಮಗಳಾಗಿದ್ದವು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಅಗಲವಾದ ರಸ್ತೆ, ಹಿತ್ತಿಲ ಹಿಂದೆ ಜಾಡಮಾಲಿಗಳು ಬಂದುಹೋಗುವ ಓಣಿ, ಮನೆಯ ಸುತ್ತ ಬಿಡುವ ಜಾಗ ಇವೆಲ್ಲವನ್ನು ನಿಯಮವಾಗಿಸಿಕೊಂಡು ಬೆಳೆದವು. ನಗರದ ಹಲವೆಡೆ ಇಂದಿಗೂ ಪೂಜೆಗೊಳ್ಳುವ ಪ್ಲೇಗಿನಮ್ಮನ ಗುಡಿಗಳು ಈ ಸ್ಥಳಾಂತರದ ಮತ್ತೊಂದು ಬಗೆಯ ದಾಖಲೆ.

ಈ ಬಡಾವಣೆಗಳನ್ನು ಆರೋಗ್ಯದ ದೃಷ್ಟಿಯಿಂದ ವಿವರಿಸುವುದು ವಾಡಿಕೆ. ಆದರೆ ನಿವೇಶನಗಳು ಜಾತಿ-ಸಮುದಾಯಗಳ ಲೆಕ್ಕದಲ್ಲಿ ಪಾಲಾದ ಸಂಗತಿಯನ್ನು ಮರೆಯಬಾರದು. ಬೆಂಗಳೂರಿನ ನಗರ ಚರಿತ್ರೆಯನ್ನು ಬರೆದ ಜಾನಕಿ ನಾಯರ್ ಮೊದಲಾದವರು ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅಗಲವಾದ ಬೀದಿಯಲ್ಲಿ ಪೇಟೆಯ ಕೇರಿಯೇ ಮರುಹುಟ್ಟು ಪಡೆಯಿತು. ಮನೆ ಬಾಡಿಗೆಗೆ ಕೊಡುವವರು ಜಾತಿ ಕೇಳುವ ಪದ್ಧತಿಗೆ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕಗಳಿಗೆ ಇಲ್ಲಿಯೇ ಬೇರುಗಳಿವೆ.

ಹೊಸ ಬಡಾವಣೆಯ ನಿವೇಶನ ಪಡೆದವರಲ್ಲಿ ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಹೆಚ್ಚು. ಅವರಿಗೆ ಸಂಬಳವುಂಟು, ಜಮೀನಿಲ್ಲ. ಇದ್ದರೂ ಅದು ದೂರದ ಊರಿನಲ್ಲಿದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರು ಗೃಹ ನಿರ್ಮಾಣ ಸಹಕಾರ ಸಂಘ ದೇಶದ ಅತ್ಯಂತ ಹಳೆಯ ಅಂತಹ ಸಂಘಗಳಲ್ಲೊಂದು. ಆದರೂ ಬಹುಪಾಲು ಮನೆಗಳು ಎದ್ದದ್ದು ಚೀಟಿಯ ಹಣ, ಹೆಂಡತಿಯ ಒಡವೆಯ ಅಡವು, ಊರಿನ ಗದ್ದೆಯ ಮಾರಾಟ ಇವುಗಳಿಂದಲೇ. ಮುಂದೆ ತಮ್ಮ ಮನೆ ಕಟ್ಟಿ, ಹಿತ್ತಿಲಿನ ಉದ್ದಕ್ಕೂ ನಾಲ್ಕಾರು ಪುಟ್ಟ ಮನೆಗಳನ್ನು ಇಳಿಸಿದರೆ ಸಾಲ ತೀರುತ್ತದೆ. ಸಾಲ ತೀರಿದ ಮೇಲೆ ಬಾಡಿಗೆಯೇ ಪಿಂಚಣಿಯಾಗುತ್ತದೆ. ಯಜಮಾನ ತೀರಿಕೊಂಡರೆ ಅವನ ವಿಧವೆಗೆ ಮಗನ ಮುಂದೆ ಕೈಚಾಚದೆ ಬದುಕಲು ಆ ಬಾಡಿಗೆಯೊಂದೇ ಆಧಾರ. ವಠಾರವನ್ನು ಆಳಿದ ‘ಓನರಮ್ಮ’ನ ಗಟ್ಟಿ ದನಿಯ ಹಿಂದೆ ಈ ಅಸ್ಥಿರತೆಯಿತ್ತು. ಹಾಸ್ಯ ಪ್ರಸಂಗಗಳಲ್ಲಿ ಜಿಪುಣ ಮಾಲೀಕರನ್ನು ಲೇವಡಿ ಮಾಡುವವರು ಇದನ್ನು ಗಮನಿಸಿದ್ದು ಕಡಿಮೆ.

ವಠಾರದ ರಚನೆ

‘ವಠಾರ’ ಎಂಬ ಪದಕ್ಕೆ ಊರಿನ ಒಂದು ಭಾಗ, ಕೇರಿ ಎಂಬ ಅರ್ಥವಿದೆ. ಕರಾವಳಿಯಲ್ಲಿ ಇಂದಿಗೂ ‘ದೇವಸ್ಥಾನದ ವಠಾರ’ ಎಂದರೆ ದೇವಸ್ಥಾನದ ಸುತ್ತಲಿನ ಆವರಣ. ಬೆಂಗಳೂರು-ಮೈಸೂರುಗಳಲ್ಲಿ ಈ ಪದ ಒಂದೇ ಗೇಟಿನೊಳಗೆ ಒಬ್ಬನೇ ಮಾಲೀಕನಿಗೆ ಸೇರಿದ ಬಾಡಿಗೆ ಮನೆಗಳ ಗುಂಪಿಗೆ ನಿಂತಿತು. ನಡುವೆ ಅಂಗಳ, ಎರಡೂ ಬದಿಗೆ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರಗಳು. ನಲ್ಲಿ ಒಂದು, ಬಾವಿ ಇದ್ದರೆ ಒಂದು, ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೆರಡು ಪಾಯಿಖಾನೆ. ಕೆಲವೆಡೆ ವಿದ್ಯುತ್ತಿನ ಮೀಟರೂ ಒಂದೇ. ಹೀಗಾಗಿ ಮನೆಗೊಂದು ಬಲ್ಬಿನ ಮೇಲೆ ಉರಿಸಬಾರದು, ರಾತ್ರಿ ಇಂತಿಷ್ಟು ಹೊತ್ತಿಗೆ ಆರಿಸಬೇಕು ಎಂಬ ಕಟ್ಟಳೆಗಳು. ಬಾಡಿಗೆಯ ಕಟ್ಟಡದಲ್ಲಿ ಲಾಭವೆಂಬುದು ಇಂತಹ ಹಂಚಿಕೆಗಳಿಂದಲೇ ಹುಟ್ಟಬೇಕು. ಗೋಡೆಯೊಂದನ್ನು ಎರಡು ಮನೆಗಳು ಹಂಚಿಕೊಂಡರೆ ಒಂದು ಗೋಡೆಯ ವೆಚ್ಚ ಉಳಿಯಿತು. ಮಾಡು ಒಂದೇ ಇಳಿಜಾರಿನಲ್ಲಿ ಸಾಗಿದರೆ ಮರಮುಟ್ಟು ಉಳಿಯಿತು.

ಕಟ್ಟಡದ ಸಾಮಗ್ರಿಗಳಲ್ಲಿಯೂ ಒಂದು ಶ್ರೇಣೀಕರಣವನ್ನು ಕಾಣಬಹುದು. ಮಾಲೀಕರ ಭಾಗಕ್ಕೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ಒತ್ತೊತ್ತಾಗಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆ ಚೂರಿನ ಗಚ್ಚು ಬಡಿದ ಮಾಡು. ಹಿಂದಿನ ಬಿಡಾರಗಳಿಗೆ ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಮೊದಲ್ಗೊಂಡು ಪ್ರಸಾರವಾದ ‘ಮಂಗಳೂರು ಹಂಚು’ ನಾಡಹಂಚಿಗಿಂತ ಹಗುರಾದ ಮರಗೆಲಸವನ್ನು ಬೇಡುತ್ತಿತ್ತು. ವರ್ಷ ವರ್ಷ ಕೈಯಾಡಿಸುವ ತಾಪತ್ರಯವೂ ಕಡಿಮೆ. ಬಾಡಿಗೆ ಮನೆ ಕಟ್ಟಿಸುವವನಿಗೆ ಇದಕ್ಕಿಂತ ಒಪ್ಪುವ ಸಾಮಗ್ರಿ ಇರಲಿಲ್ಲ. ಗಾರೆ ಅರೆಯುವುದೆಂದರೆ ಮನೆ ಕಟ್ಟುವ ಜಾಗದಲ್ಲಿಯೇ ವೃತ್ತಾಕಾರದ ದೋಣಿ ತೋಡಿ, ಕಲ್ಲಿನ ಗಾಲಿಯನ್ನು ಎತ್ತುಗಳಿಂದ ಎಳೆಸಿ, ಸುಣ್ಣ-ಮರಳುಗಳನ್ನು ದಿನಗಟ್ಟಲೆ ನುರಿಸುವ ಕೆಲಸ. ಕಲ್ಲು ಒಡೆಯುವ, ಪಾಯ ತೋಡುವ ಕೆಲಸ ಭೋವಿ ಸಮುದಾಯದವರದು. ಸಾದರಹಳ್ಳಿಯ ಬೆಣಚುಕಲ್ಲು ಮೆಟ್ಟಿಲಾಗಿ, ಚಪ್ಪಡಿಯಾಗಿ, ಬೇಲಿಯ ಕಂಬವಾಗಿ ನಗರದ ಎಲ್ಲೆಡೆ ಹರಡಿದೆ. ಆ ಕಲ್ಲನ್ನು ಒಡೆದವರ ವಂಶಸ್ಥರಿಗೆ ಅದೇ ಬಡಾವಣೆಗಳಲ್ಲಿ ಬಾಡಿಗೆ ಮನೆ ಸಿಗುವುದು ಸುಲಭವಾಗಿರಲಿಲ್ಲ.

ವಠಾರದ ಬದುಕನ್ನು ಇತ್ತೀಚೆಗೆ ಹಂಬಲದಿಂದ ಸ್ಮರಿಸುವವರು ಹೆಚ್ಚಾಗಿದ್ದಾರೆ. ಒಂದೇ ಮನೆಯ ಮಕ್ಕಳಂತೆ ಬೆಳೆದೆವು, ಗೌರಿ-ಗಣೇಶ ಹಬ್ಬಕ್ಕೆ ಬಾಗಿನ ಹಂಚಿಕೊಂಡೆವು ಎಂಬ ನೆನಪುಗಳು ಸುಳ್ಳಲ್ಲ. ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990) ಚಲನಚಿತ್ರದ ಜನಪ್ರಿಯತೆಗೆ ಅದರ ವಠಾರ ಮತ್ತು ಅಲ್ಲಿಯ ಮಾಲೀಕ-ಬಾಡಿಗೆದಾರರ ಜಟಾಪಟಿಯೂ ಒಂದು ಕಾರಣ. ಆದರೆ ನಲ್ಲಿಯ ಮುಂದೆ ಮಡಿ-ಮೈಲಿಗೆಯ ಕಾರಣಕ್ಕೆ ಕಾಯಬೇಕಾಗಿದ್ದ ಹೆಂಗಸರ ನೆನಪು ಬೇರೆ ಬಗೆಯದಾಗಿರುತ್ತದೆ. ವಠಾರವನ್ನು ಕೂಡುಬಾಳಿನ ಆದರ್ಶವೆಂದು ಚಿತ್ರಿಸುವುದಕ್ಕಿಂತ, ಕಡಿಮೆ ಬಂಡವಾಳದಲ್ಲಿ ಹೆಚ್ಚು ಬಾಡಿಗೆಯನ್ನು ಪಡೆಯುವ ಕಟ್ಟಡ ವಿಧಾನವೊಂದು ತನ್ನ ಅಂಗಳದಲ್ಲಿ ಅನಿವಾರ್ಯವಾಗಿ ಒಂದು ನೆರೆಹೊರೆಯನ್ನು ಹುಟ್ಟಿಸಿತು ಎಂದು ತಿಳಿಯುವುದೇ ಸರಿಯಾದುದು.

ಆಯ ಕೂಡಿಬರುವುದು

ಬಾಡಿಗೆಗೆ ಕಟ್ಟುವ ಮನೆಗೂ ಶಾಸ್ತ್ರ ಬೇಕೇ ಎಂಬ ಪ್ರಶ್ನೆಗೆ ಮೇಸ್ತ್ರಿಗಳ ಪರಂಪರೆ ಕೊಡುವ ಉತ್ತರ ಕುತೂಹಲಕರವಾಗಿದೆ. ವಾಸ್ತು ಸಂಪ್ರದಾಯದಲ್ಲಿ ಮನೆಯ ಉದ್ದ ಅಗಲಗಳನ್ನು ಲೆಕ್ಕಹಾಕಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ‘ಆಯ’ವನ್ನು ನಿರ್ಣಯಿಸುತ್ತಾರೆ. ಗುಣಿಸುವ ಕ್ರಮದಲ್ಲಿ ಪ್ರಾದೇಶಿಕ ಭೇದಗಳಿವೆ. ಆದರೆ ಆಯಗಳು ಎಂಟೇ: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ. ಬೆಸಸಂಖ್ಯೆಯಲ್ಲಿ ಬರುವ ಧ್ವಜ, ಸಿಂಹ, ವೃಷಭ, ಗಜಗಳು ಶುಭ, ಉಳಿದವು ತ್ಯಾಜ್ಯ. ಇದರ ಜೊತೆಗೇ ‘ವ್ಯಯ’ದ ಲೆಕ್ಕವೂ ಇದ್ದು, ಆಯವು ವ್ಯಯಕ್ಕಿಂತ ಹೆಚ್ಚಿರುವ ಮನೆ ಏಳಿಗೆಯಾಗುತ್ತದೆಂಬ ನಂಬಿಕೆಯಿದೆ. ಇಂದು ಸರ್ಕಾರದ ಮುಂಗಡ ಪತ್ರಕ್ಕೆ ಕನ್ನಡದಲ್ಲಿ ‘ಆಯವ್ಯಯ’ ಎನ್ನುತ್ತೇವೆ. ಮನೆಯ ಅಳತೆಯೇ ಅದರ ಜಮಾ-ಖರ್ಚಿನ ಪುಸ್ತಕ ಎಂಬ ಭಾವನೆ ವಾಸ್ತುವಿನ ಪರಿಭಾಷೆಯೊಳಗೆ ಮೊದಲಿನಿಂದಲೂ ಅಡಗಿತ್ತು ಎಂಬುದು ಗಮನಾರ್ಹ. ಗಾದೆಯಲ್ಲಿ ಮನೆ ಬರೀ ವ್ಯಯ. ಮೇಸ್ತ್ರಿಯ ಲೆಕ್ಕದಲ್ಲಿ ಅದಕ್ಕೆ ಆಯವೂ ಉಂಟು.

ಸರ್ಕಾರಿ ಬಡಾವಣೆಗಳು ಬಂದ ಮೇಲೆ ಈ ಲೆಕ್ಕಕ್ಕೆ ವಿಚಿತ್ರವಾದ ಒಂದು ಇಕ್ಕಟ್ಟು ಎದುರಾಯಿತು. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು, ನಲವತ್ತು-ಅರವತ್ತು ಅಡಿಗಳೆಂದು ನಿವೇಶನದ ಅಳತೆಯನ್ನು ಅಧಿಕಾರಿಗಳು ಮೊದಲೇ ನಿಗದಿಮಾಡಿರುತ್ತಾರೆ. ಸುತ್ತ ಬಿಡಬೇಕಾದ ಜಾಗವೂ ನಿಯಮದಲ್ಲಿದೆ. ಉಳಿದ ಪರಿಮಿತಿಯಲ್ಲಿ ಮೇಸ್ತ್ರಿ ಗೋಡೆಯನ್ನು ಕೆಲವು ಅಂಗುಲ ಒಳಗೋ ಹೊರಗೋ ಸರಿಸಿ ‘ಆಯ ಕೂಡಿಸುತ್ತಾನೆ’. ಮನೆ ಕಟ್ಟಿಸುವವರು ಬಿಡಬೇಕಾದ ಜಾಗವನ್ನು ಕಬಳಿಸಿ ಕೋಣೆಯನ್ನು ದೊಡ್ಡದು ಮಾಡಿಸಿಕೊಂಡಾಗಲೂ ಆಯದ ನೆಪವೇ ಮುಂದೆ ಬರುವುದುಂಟು. ಶಾಸ್ತ್ರ ಮತ್ತು ದುರಾಸೆ ಹೀಗೆ ಒಂದೇ ಅಳತೆಗೋಲನ್ನು ಹಿಡಿದಿರುತ್ತವೆ.

ನಂಬಿಕೆಗಳು ಬೆಲೆಯನ್ನು ನಿರ್ಧರಿಸುವ ಬಗೆಯೂ ಹೀಗೆಯೇ. ಮುಂದೆ ಕಿರಿದಾಗಿ ಹಿಂದೆ ಅಗಲವಾದ ‘ಗೋಮುಖ’ ನಿವೇಶನ ವಾಸಕ್ಕೆ ಒಳ್ಳೆಯದು, ಮುಂದೆ ಅಗಲವಾದ ‘ವ್ಯಾಘ್ರಮುಖ’ ವ್ಯಾಪಾರಕ್ಕೆ ಸರಿ ಎನ್ನುತ್ತಾರೆ. ರಸ್ತೆ ನೇರವಾಗಿ ಬಂದು ತಾಗುವ ‘ರಸ್ತೆ ಕುತ್ತಿ’ನ ನಿವೇಶನವನ್ನು ಕಡಿಮೆ ಬೆಲೆಗೆ ಕೊಂಡು, ಗೋಡೆಗೆ ಪುಟ್ಟ ಗಣಪತಿಯನ್ನು ಪ್ರತಿಷ್ಠಾಪಿಸಿ ಬಾಡಿಗೆ ಮನೆಗಳನ್ನು ಕಟ್ಟುವವರಿದ್ದಾರೆ. ದೋಷ ಒಡೆಯನಿಗೋ ಒಕ್ಕಲಿಗೋ ಎಂಬ ಪ್ರಶ್ನೆಗೆ ಇಲ್ಲಿ ಖಚಿತವಾದ ಉತ್ತರವಿಲ್ಲ. ಆ ಅಸ್ಪಷ್ಟತೆಯೇ ಲಾಭದಾಯಕ. ಆಷಾಢ ಹಾಗೂ ಧನುರ್ಮಾಸಗಳಲ್ಲಿ ಯಾರೂ ಮನೆ ಬದಲಿಸುವುದಿಲ್ಲವಾದ್ದರಿಂದ, ಜ್ಯೇಷ್ಠ ಮುಗಿಯುವುದರೊಳಗೆ ಖಾಲಿ ಮನೆ ತುಂಬದಿದ್ದರೆ ಮಾಲೀಕರಿಗೆ ಒಂದು ತಿಂಗಳ ನಷ್ಟ ಖಾತರಿ.

‘ಆಗಿಬರದ ಮನೆ’ ಎಂಬ ಕಲ್ಪನೆಗೆ ಬಾಡಿಗೆಯ ಲೋಕದಲ್ಲಿ ಇರುವಷ್ಟು ಶಕ್ತಿ ಸ್ವಂತ ಮನೆಯ ಲೋಕದಲ್ಲಿಲ್ಲ. ಸ್ವಂತ ಮನೆಯಲ್ಲಿ ಕೆಡುಕಾದರೆ ಶಾಂತಿ ಮಾಡಿಸಿ ಅಲ್ಲಿಯೇ ಬಾಳುತ್ತಾರೆ. ಬಾಡಿಗೆ ಮನೆಯಲ್ಲಿ ಹಾಗಲ್ಲ: ಇಬ್ಬರು ಬಾಡಿಗೆದಾರರು ಒಬ್ಬರ ಹಿಂದೊಬ್ಬರು ಕಷ್ಟಕ್ಕೆ ಸಿಕ್ಕರೆ ಬೀದಿಯಲ್ಲಿ ಮಾತು ಹರಡುತ್ತದೆ. ಧನಿಷ್ಠಾ ಪಂಚಕವೇ ಮೊದಲಾದ ದೋಷ ನಕ್ಷತ್ರಗಳಲ್ಲಿ ಸಾವು ಸಂಭವಿಸಿದರೆ ನಕ್ಷತ್ರಕ್ಕೆ ತಕ್ಕಂತೆ ಮೂರು ತಿಂಗಳೋ ಆರು ತಿಂಗಳೋ ಮನೆಯನ್ನು ಬಿಡಬೇಕೆಂಬ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ಪ್ರಬಲವಾಗಿತ್ತು. ಆ ಅವಧಿಯ ಬಾಡಿಗೆ ಯಾರ ತಲೆಯ ಮೇಲೆ? ಮಾಲೀಕರು ಕಳೆದುಕೊಳ್ಳಲು ಒಪ್ಪುವುದಿಲ್ಲ. ಬಾಡಿಗೆದಾರರು ಒಂದೇ ಸಂಬಳದಲ್ಲಿ ಎರಡು ಮನೆಗೆ ತೆರಲಾರರು. ಹೀಗಾಗಿ ಕೊನೆಯುಸಿರೆಳೆಯುತ್ತಿರುವ ಮುದುಕರನ್ನು ಪಂಚಾಂಗ ನೋಡಿಸಿ ಜಗಲಿಗೆ ಅಥವಾ ಅಂಗಳಕ್ಕೆ ತಂದು ಮಲಗಿಸುವ ಪದ್ಧತಿ ವಠಾರಗಳಲ್ಲಿ ಇತ್ತು. ಸಾವಿನ ಕ್ಷಣವನ್ನು ಹೊಸ್ತಿಲಿನಿಂದ ಆಚೆಗೆ ತಳ್ಳಿದ ಈ ಪದ್ಧತಿಯನ್ನು ಕೇವಲ ಮೂಢನಂಬಿಕೆಯೆಂದು ಬರೆದು ಮುಗಿಸುವಂತಿಲ್ಲ. ಅದರ ಹಿಂದೆ ಖಾಲಿ ಬೀಳುವ ಮನೆಯ ಲೆಕ್ಕವಿದೆ. ಮುಂದೆ ಮನೆ ಸಿಗದೇ ಹೋದೀತೆಂಬ ಭಯವಿದೆ. ಆಸ್ಪತ್ರೆಯ ಸಾವು ಸಾಮಾನ್ಯವಾದ ಮೇಲೆ ಈ ಸಮಸ್ಯೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯಿತು.

ಕಾನೂನು, ದುರಸ್ತಿ, ಖಾಲಿಮಾಡಿಸುವಿಕೆ

1940ರಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ ದೂರವಾಣಿ, ಗಡಿಯಾರ-ಯಂತ್ರೋಪಕರಣ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು. 1941ರಲ್ಲಿ ಸುಮಾರು 4 ಲಕ್ಷದಷ್ಟಿದ್ದ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷಕ್ಕೆ ಏರಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಅಸ್ತಿತ್ವಕ್ಕೆ ಬಂದು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದರೂ ಬೇಡಿಕೆಗೆ ತಕ್ಕಷ್ಟು ಮನೆಗಳು ಏಳಲಿಲ್ಲ. ವಠಾರಗಳು ಒತ್ತೊತ್ತಾದದ್ದು ಈ ಅವಧಿಯಲ್ಲಿ. ಹಳೆಯ ತೊಟ್ಟಿಮನೆಗಳ ಪಡಸಾಲೆಗೆ ಹಲಗೆಯ ಅಡ್ಡ ಹಾಕಿ ಎರಡು ಸಂಸಾರಗಳನ್ನು ಇರಿಸಿದರು. ಕೊಟ್ಟಿಗೆಗೆ ಸುಣ್ಣ ಬಳಿದು ಮನೆಯೆಂದರು. ಪುನರ್ನಿರ್ಮಾಣವೆಂಬುದು ಅಂದು ಹೆಚ್ಚಾಗಿ ಒಳಗೆ ಗೋಡೆ ಏರಿಸುವ ಕೆಲಸವಾಗಿತ್ತು.

1961ರ ಬಾಡಿಗೆ ನಿಯಂತ್ರಣ ಕಾಯಿದೆ ಈ ಜಗತ್ತಿನ ಸ್ವರೂಪವನ್ನು ಬದಲಿಸಿತು. ನ್ಯಾಯವಾದ ಬಾಡಿಗೆ ನಿಗದಿಗೆ ಅವಕಾಶ ದೊರೆಯಿತು, ಖಾಲಿಯಾದ ಮನೆಯನ್ನು ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಯಿತು, ಕಾರಣವಿಲ್ಲದೆ ಬಿಡಿಸುವಂತಿರಲಿಲ್ಲ. ಬಾಡಿಗೆದಾರರಿಗೆ ಇದು ಅಪಾರ ರಕ್ಷಣೆ. ಆದರೆ ಬಾಡಿಗೆ ಏರದ ಮನೆಗೆ ದುರಸ್ತಿ ಮಾಡಿಸಲು ಮಾಲೀಕರು ಮನಸ್ಸು ಮಾಡಲಿಲ್ಲ. ಮದ್ರಾಸ್ ತಾರಸಿ ಸೋರತೊಡಗಿದರೆ ಗಚ್ಚನ್ನು ಪೂರ್ತಿ ಕಿತ್ತು ಮತ್ತೆ ಬಡಿಯಬೇಕು. ಅದರ ಬದಲು ಸಿಮೆಂಟು ಸಾರಿಸಿ ಕೈತೊಳೆದುಕೊಂಡರು. ಸುಣ್ಣದ ಗಾರೆ ಉಸಿರಾಡುವಂಥದು, ಸಿಮೆಂಟು ಬಿಗಿಯಾದುದು. ಒಳಗೆ ಸಿಕ್ಕಿದ ತೇವ ತೊಲೆಯ ತುದಿಯನ್ನು ಕೊಳೆಯಿಸಿತು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ತೆರವಾಗುವವರೆಗೂ ಸಿಮೆಂಟು ಸರ್ಕಾರಿ ನಿಯಂತ್ರಣದಲ್ಲಿದ್ದು, ಒಂದೆರಡು ಚೀಲಕ್ಕೂ ಪರವಾನಗಿಗಾಗಿ ಅಲೆಯಬೇಕಾಗಿದ್ದ ಕಾಲವದು.

ಮಾಲೀಕರಿಗೆ ಉಳಿದ ದಾರಿಗಳಲ್ಲಿ ಎರಡು ಮುಖ್ಯ. ಒಂದು, ಮನೆ ತನ್ನ ಸ್ವಂತ ಉಪಯೋಗಕ್ಕೆ ಬೇಕೆನ್ನುವುದು. ಇನ್ನೊಂದು, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಉದ್ದೇಶವಿದೆಯೆನ್ನುವುದು. ಎರಡನೆಯದನ್ನು ಕಾಯಿದೆಯೇ ಬಿಡಿಸುವುದಕ್ಕೆ ಸಕಾರಣವೆಂದು ಮಾನ್ಯ ಮಾಡಿತ್ತು. ಹೀಗೆ ದುರಸ್ತಿಯಿಲ್ಲದೆ ಶಿಥಿಲವಾದ ಗೋಡೆ ನ್ಯಾಯಾಲಯದಲ್ಲಿ ಮಾಲೀಕನ ಪರ ಸಾಕ್ಷಿಯಾಗುವ ವಿಪರ್ಯಾಸ ಉಂಟಾಯಿತು. ನಗರದ ಎಷ್ಟೋ ಸುಂದರವಾದ ಕಟ್ಟಡಗಳು ಬಿದ್ದದ್ದು ಮುಪ್ಪಿನಿಂದಲ್ಲ, ಕಾದುಕೊಂಡಿದ್ದವರ ತಾಳ್ಮೆಯಿಂದ. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ 1999ರ ಬಾಡಿಗೆ ಕಾಯಿದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬಾಡಿಗೆಗಳು ಏರಿದಂತೆಲ್ಲ ಕಾಯಿದೆಯ ನೆರಳು ತಾನಾಗಿಯೇ ಕುಗ್ಗುತ್ತ ಬಂತು.

ಬಾಡಿಗೆ ನಿಯಂತ್ರಣದ ಕಾಲದಲ್ಲಿ ಬಲಗೊಂಡ ಮತ್ತೊಂದು ಪದ್ಧತಿ ‘ಭೋಗ್ಯ’. ಹಳೆಯ ಕೃಷಿ ಸಮಾಜದಲ್ಲಿ ಭೋಗ್ಯವೆಂದರೆ ಸಾಲ ಕೊಟ್ಟವನು ಬಡ್ಡಿಯ ಬದಲು ಗದ್ದೆಯ ಫಸಲನ್ನು ಅನುಭವಿಸುವುದು. ನಗರದಲ್ಲಿ ಗದ್ದೆಯ ಜಾಗಕ್ಕೆ ಮನೆ ಬಂತು: ಬಾಡಿಗೆದಾರ ಮೊದಲೇ ದೊಡ್ಡ ಮೊತ್ತವೊಂದನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಮಾಡಿ, ಅವಧಿ ಮುಗಿದಾಗ ಬಡ್ಡಿಯಿಲ್ಲದೆ ಅದೇ ಮೊತ್ತವನ್ನು ಹಿಂಪಡೆಯುವುದು. ಬ್ಯಾಂಕಿನ ಮುಖ ನೋಡದ ಸಣ್ಣ ಮಾಲೀಕರು ಒಂದು ಮನೆಯ ಭೋಗ್ಯದ ಹಣದಿಂದ ಅದರ ಮೇಲೆ ಇನ್ನೊಂದು ಅಂತಸ್ತನ್ನು ಏರಿಸಿದರು. ಆ ಅಂತಸ್ತಿನ ಭೋಗ್ಯದಿಂದ ಮೂರನೆಯದನ್ನು. ಹಣ ಹಿಂತಿರುಗಿಸುವ ದಿನ ಬಂದಾಗ ಹೊಸ ಭೋಗ್ಯದಾರನನ್ನು ಹುಡುಕಬೇಕು. ಸಿಗದಿದ್ದರೆ ಹಳೆಯವನು ಹಣವೂ ಇಲ್ಲದೆ ಬೇರೆ ಮನೆಯೂ ಇಲ್ಲದೆ ಕೂರಬೇಕು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಹೀಗೆ ಗೋಡೆಯೊಳಗೆ ಸಿಕ್ಕಿಸಿಕೊಂಡವರಿಗೆ ಗಾದೆಯ ಎರಡು ಅರ್ಧಗಳೂ ಒಟ್ಟಿಗೆ ಅರ್ಥವಾಗಿರಬೇಕು.

ರಾಗಿ ಹೊಲದಿಂದ ಬಾಡಿಗೆಗೆ

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾದ ನಂತರ ಬಡಾವಣೆಗಳಿಗಾಗಿ ಸುತ್ತಲಿನ ಹಳ್ಳಿಗಳ ಜಮೀನುಗಳ ಸ್ವಾಧೀನ ವೇಗ ಪಡೆಯಿತು. ಹೊಲ ಹೋಯಿತು, ಗ್ರಾಮಠಾಣದ ಮನೆಗಳು ಮತ್ತು ಹಿತ್ತಿಲುಗಳು ಉಳಿದವು. ಪರಿಹಾರದ ಹಣ ಕೈಗೆ ಬಂದಾಗ ರೈತ ಕುಟುಂಬಗಳು ಮಾಡಿದ ಕೆಲಸವನ್ನು ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಜಾನಪದ ವಿದ್ವಾಂಸರು ಗುರುತಿಸಬೇಕಾಗಿತ್ತು. ಹಿತ್ತಿಲಿನಲ್ಲಿ, ಕಣದ ಜಾಗದಲ್ಲಿ, ದನದ ಕೊಟ್ಟಿಗೆಯಿದ್ದಲ್ಲಿ ಅವರು ಶೀಟು ಹೊದಿಸಿದ ಸಾಲುಮನೆಗಳನ್ನು ಕಟ್ಟಿದರು. ಕಾರ್ಖಾನೆಯ ಕೆಲಸಗಾರರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಚಾಲಕರು ಅಲ್ಲಿಗೆ ಬಂದರು. ಬಸವನಗುಡಿಯ ವಠಾರಕ್ಕೂ ಈ ಸಾಲುಮನೆಗಳಿಗೂ ರಚನೆಯಲ್ಲಿ ಹೆಚ್ಚಿನ ಅಂತರವಿಲ್ಲ. ಕಟ್ಟಿಸಿದವರ ಜಾತಿ-ಕಸುಬುಗಳು ಬೇರೆ. ಸುಗ್ಗಿಯ ಲೆಕ್ಕದಲ್ಲಿ ಬದುಕಿದವರು ತಿಂಗಳ ಲೆಕ್ಕಕ್ಕೆ ಹೊರಳಿದರು. ಕಣದ ಪೂಜೆ ನಿಂತರೂ ಊರಹಬ್ಬ ನಿಲ್ಲಲಿಲ್ಲ. ಗ್ರಾಮದೇವತೆಯ ಮೆರವಣಿಗೆ ಇಂದಿಗೂ ಬಡಾವಣೆಗಳ ಅಡ್ಡರಸ್ತೆಗಳ ಮೂಲಕ ಹಳೆಯ ಎಲ್ಲೆಯನ್ನು ಸುತ್ತಿಬರುತ್ತದೆ. ಬಾಡಿಗೆದಾರರಿಂದ ಹಬ್ಬದ ವಂತಿಗೆ ಪಡೆಯುವ ಕ್ರಮವೂ ಹಲವೆಡೆ ಸೇರಿಕೊಂಡಿದೆ.

ಇದರ ಮಗ್ಗುಲಲ್ಲಿ ಪರಿವರ್ತನೆಯಾಗದ ಕೃಷಿಭೂಮಿಯಲ್ಲಿ ಬಿಡಿಬಿಡಿಯಾಗಿ ಮಾರಿದ ‘ರೆವಿನ್ಯೂ ನಿವೇಶನ’ಗಳ ಕಥೆಯಿದೆ. ಅವುಗಳನ್ನು ಕೊಂಡವರು ಹೆಚ್ಚಾಗಿ ಪ್ರಾಧಿಕಾರದ ಸರದಿಯಲ್ಲಿ ಕಾಯಲಾರದವರು. 2007ರಲ್ಲಿ 110 ಹಳ್ಳಿಗಳೂ ಹಲವು ನಗರಸಭೆಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ ‘ಎ ಖಾತೆ’, ‘ಬಿ ಖಾತೆ’ ಎಂಬ ಭೇದ ಮನೆಮಾತಾಯಿತು. ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಗಂಡು-ಹೆಣ್ಣಿನ ಜಾತಕ ನೋಡುವಂತೆ ಈಗ ನಿವೇಶನದ ಖಾತೆ ನೋಡುತ್ತಾರೆ.

ಮಾಹಿತಿ ತಂತ್ರಜ್ಞಾನದ ಉದ್ಯಮ ಬೆಳೆದ ನಂತರ ಬಾಡಿಗೆ ಕಟ್ಟಡ ಮತ್ತೆ ರೂಪ ಬದಲಿಸಿತು. ಹಳೆಯ ಬಡಾವಣೆಗಳಲ್ಲಿ ‘ಜಂಟಿ ಅಭಿವೃದ್ಧಿ’ ಎಂಬ ಕರಾರು ಬಂತು: ನೆಲ ಮಾಲೀಕರದು, ಕಟ್ಟುವ ಬಂಡವಾಳ ಬಿಲ್ಡರರದು, ಎದ್ದ ಮನೆಗಳಲ್ಲಿ ಇಬ್ಬರಿಗೂ ಪಾಲು. ವಠಾರದ ಮಾಲೀಕರ ಮಕ್ಕಳಲ್ಲಿ ಆಸ್ತಿ ಹಂಚಿಕೆಯ ವ್ಯಾಜ್ಯಗಳನ್ನು ನ್ಯಾಯಾಲಯಕ್ಕಿಂತ ಬೇಗ ಪರಿಹರಿಸಿದ್ದು ಈ ಕರಾರು. ತಲೆಗೊಂದು ಫ್ಲಾಟು ಸಿಕ್ಕಿತು. ಎತ್ತಿದ ಮನೆಗಳ ಬಾಗಿಲು, ಚೌಕಟ್ಟು, ತೊಲೆಗಳು ಹಳೆಯ ಮರಮುಟ್ಟಿನ ಮಂಡಿಗಳಿಗೆ ಹೋಗಿ, ಅಲ್ಲಿಂದ ‘ಪಾರಂಪರಿಕ’ ಶೈಲಿಯ ಹೋಟೆಲುಗಳಿಗೂ ತೋಟದ ಮನೆಗಳಿಗೂ ಏರುಬೆಲೆಗೆ ಮಾರಾಟವಾಗುತ್ತವೆ. ಬಿಡಿಸಿದ ಬಾಡಿಗೆದಾರರ ಮನೆಯ ಹೊಸ್ತಿಲು ಇನ್ನೆಲ್ಲೋ ಅಲಂಕಾರದ ಬೆಂಚಾಗಿರುವುದುಂಟು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ ಫ್ಲಾಟು ಕೊಳ್ಳುವವರಿಗೆ ರಕ್ಷಣೆ ನೀಡಿತೇ ಹೊರತು, ಕೆಡವಿದ ವಠಾರದಿಂದ ಹೊರಬಿದ್ದವರು ಅದರ ಗಣನೆಯಲ್ಲಿಲ್ಲ.

ಕಟ್ಟುವವರ ಮೂಲವೂ ಬದಲಾಗಿದೆ. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಮಳೆಯಾಶ್ರಿತ ಹಳ್ಳಿಗಳಿಂದ ಸಂಸಾರ ಸಮೇತ ಬರುವವರು, ಉತ್ತರ ಮತ್ತು ಪೂರ್ವ ಭಾರತದ ಯುವಕರು ಇಂದು ಕಟ್ಟಡ ಕೆಲಸದ ಬಹುಪಾಲನ್ನು ನಿರ್ವಹಿಸುತ್ತಾರೆ. ಆಚರಣೆಗಳು ಮಾತ್ರ ಬಿಟ್ಟಿಲ್ಲ. ಗುದ್ದಲಿ ಪೂಜೆ, ಬಾಗಿಲ ಚೌಕಟ್ಟಿಗೆ ನವಧಾನ್ಯದ ಗಂಟು ಕಟ್ಟಿ ನಿಲ್ಲಿಸುವ ಶಾಸ್ತ್ರ, ತಾರಸಿ ಹಾಕಿದ ದಿನ ಕೆಲಸದವರಿಗೆ ಊಟ ಇವು ಐದಂತಸ್ತಿನ ಪಿ.ಜಿ. ಕಟ್ಟಡಕ್ಕೂ ನಡೆಯುತ್ತವೆ. ಮೊದಲ ಅಂತಸ್ತಿನ ಗೋಡೆ ಏಳುತ್ತಿದ್ದಂತೆ ಹಳೆಯ ಅಂಗಿ ತೊಡಿಸಿದ ಬೆರ್ಚಪ್ಪ ಅಥವಾ ಕೋರೆಹಲ್ಲಿನ ದೃಷ್ಟಿಬೊಂಬೆ ನೇತಾಡುತ್ತದೆ. ಮುಗಿದ ಮೇಲೆ ಬೂದುಗುಂಬಳಕಾಯಿ. ಗೃಹಪ್ರವೇಶದಂದು ಹಸುವನ್ನು ಒಳಗೆ ಕರೆದೊಯ್ದು ಹಾಲುಕ್ಕಿಸುವುದು ಮಾಲೀಕರ ಆಚರಣೆ. ಆದರೆ ಬಾಡಿಗೆಗೆ ಬರುವ ಪ್ರತಿಯೊಂದು ಸಂಸಾರವೂ ತನ್ನ ಮಟ್ಟಿಗೆ ಮತ್ತೊಮ್ಮೆ ಹಾಲುಕ್ಕಿಸಿಯೇ ಒಳಗೆ ಕಾಲಿಡುತ್ತದೆ. ಹೀಗಾಗಿ ಬಾಡಿಗೆ ಮನೆಯೊಂದು ತನ್ನ ಆಯುಷ್ಯದಲ್ಲಿ ಹತ್ತಾರು ಗೃಹಪ್ರವೇಶಗಳನ್ನು ಕಾಣುತ್ತದೆ; ಸ್ವಂತ ಮನೆಗೆ ಆ ಭಾಗ್ಯ ಸಾಮಾನ್ಯವಾಗಿ ಒಂದೇ ಸಲ.

ಶಾಸ್ತ್ರದ ಪ್ರಕಾರ ಆ ಮನೆಯೊಳಗೆ ಮೊದಲು ಉರಿಯಬೇಕಾದದ್ದು ಹಾಲುಕ್ಕಿಸುವ ಒಲೆ. ವಾಸ್ತವದಲ್ಲಿ ಕಟ್ಟಡ ಕಾಯಲು ನೇಮಿಸಿದ ಕೂಲಿಕಾರರ ಕುಟುಂಬ, ಗೋಡೆಗಳು ಏಳುವ ಮೊದಲು ಎದುರಿನ ಖಾಲಿ ನಿವೇಶನದ ತಗಡಿನ ಶೆಡ್ಡಿನಲ್ಲಿಯೂ, ತಾರಸಿ ಬಿದ್ದ ಮೇಲೆ ಕಟ್ಟಡದೊಳಗೂ ವಾಸಿಸುತ್ತದೆ. ಬಾಗಿಲಿಲ್ಲದ ನಡುಮನೆಯಲ್ಲಿ ಮೂರು ಇಟ್ಟಿಗೆ ಹೂಡಿ, ಸೆಂಟ್ರಿಂಗಿನ ಮರದ ಚೂರುಗಳನ್ನು ಉರಿಸಿ, ತಿಂಗಳುಗಟ್ಟಲೆ ಜೋಳದ ರೊಟ್ಟಿ ಬೇಯಿಸುತ್ತದೆ. ಮಕ್ಕಳ ತೊಟ್ಟಿಲು ಕಂಬಿಗೆ ಜೋತುಬಿದ್ದಿರುತ್ತದೆ. ಗೃಹಪ್ರವೇಶಕ್ಕೆ ಕೆಲವು ದಿನ ಮೊದಲು ಅವರು ಇನ್ನೊಂದು ಪಾಯದ ಕಡೆಗೆ ಹೊರಡುತ್ತಾರೆ. ಮೇಸ್ತ್ರಿ ಆ ಮೂಲೆಯ ಮಸಿಯನ್ನು ಉಜ್ಜಿಸಿ, ಪಟ್ಟಿ ಹಾಕಿಸಿ, ಎರಡು ಸಲ ಬಣ್ಣ ಬಳಿಸುತ್ತಾನೆ.